ದುಬಾರಿ ವಾಚು: ಕೊಳ್ಳುವ ಮುನ್ನ, ಕಟ್ಟುವಾಗ, ಕಳುವಾದ ಮೇಲೆ

ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟೊಂದನ್ನು ಕೊಳ್ಳಲು ಹೊರಟವರು ತಾಯಿಪತ್ರ, ಋಣಭಾರ ಪ್ರಮಾಣಪತ್ರ, ಖಾತೆ, ಕಂದಾಯದ ರಸೀದಿ ಎಲ್ಲವನ್ನೂ ವಕೀಲರ ಮುಂದೆ ಹರವಿ, ಅವರು ಸರಿ ಎನ್ನುವವರೆಗೆ ಮುಂಗಡದ ಮಾತನ್ನೇ ಎತ್ತುವುದಿಲ್ಲ. ಅದೇ ಜನ ಹನ್ನೆರಡು ಲಕ್ಷ ರೂಪಾಯಿಯ ವಾಚನ್ನು ಇಂದಿರಾನಗರದ ಯಾವುದೋ ಕಾಫಿ ಅಂಗಡಿಯ ಮೇಜಿನ ಮೇಲೆ, ಇನ್‌ಸ್ಟಾಗ್ರಾಮಿನಲ್ಲಿ ಪರಿಚಯವಾದವರ ಕೈಯಿಂದ, ರೋಲೆಕ್ಸ್‌ನ ಹಸಿರು ಪೆಟ್ಟಿಗೆಯ ಅಂದಕ್ಕೆ ಮರುಳಾಗಿ ಕೊಂಡು ಬರುತ್ತಾರೆ. ವಾಚಿಗೂ ತಾಯಿಪತ್ರವಿದೆ, ಅದಕ್ಕೂ ಹಕ್ಕಿನ ಸರಪಳಿಯಿದೆ, ಮತ್ತು ಕೊಳ್ಳುವಾಗ ಆ ಸರಪಳಿಯನ್ನು ಕೇಳಿ ಪಡೆದವರಿಗೆ ಮಾತ್ರ ಮುಂದೆ ಮಾರುವಾಗ, ವಿಮೆ ಕೇಳುವಾಗ, ಠಾಣೆಯಲ್ಲಿ ನಿಲ್ಲುವಾಗ ದಾರಿ ಸುಗಮವಾಗುತ್ತದೆ. ಈ ಲೇಖನದ ಸಲಹೆಗಳೆಲ್ಲ ಹೆಚ್ಚುಕಡಿಮೆ ಈ ಒಂದು ಮಾತಿನ ಸುತ್ತಲೇ ಇವೆ.

ವಾಚು ಅಂತಸ್ತಿನ ಗುರುತಾಗಿರುವುದು ಈ ಊರಿಗೆ ಹೊಸದೇನಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಎಚ್‌ಎಂಟಿ ಕೈಗಡಿಯಾರಗಳ ತಯಾರಿಕೆ ಆರಂಭವಾದದ್ದು ಇಲ್ಲಿಯ ಜಾಲಹಳ್ಳಿಯಲ್ಲೇ. ಮದುವೆಯಲ್ಲಿ ಅಳಿಯನಿಗೆ ಉಂಗುರದ ಜೊತೆಗೆ ಎಚ್‌ಎಂಟಿ ವಾಚು ಕೊಟ್ಟರೆ ಬೀಗರ ಮುಂದೆ ಮರ್ಯಾದೆ ಉಳಿಯಿತೆಂದು ನಂಬಿದ್ದ ಮನೆಗಳನ್ನು ನಾನು ಬಲ್ಲೆ. ಆ ವಾಚು ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಅದೇ ಸ್ಥಾನದಲ್ಲಿ ಸ್ವಿಟ್ಜರ್ಲೆಂಡಿನ ಹೆಸರುಗಳು ಕುಳಿತಿವೆ, ಬೆಲೆಯಲ್ಲಿ ಮಾತ್ರ ಎರಡು ಮೂರು ಸೊನ್ನೆಗಳು ಹೆಚ್ಚಾಗಿವೆ.

ಮೊದಲು ಉದ್ದೇಶವನ್ನು ಗೊತ್ತುಮಾಡಿಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ಈ ವಾಚು ನನಗೇಕೆ ಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸಮಯ ನೋಡಲು ಎಂದು ಬರೆದಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಸ್ವಿಸ್ ಪ್ರಮಾಣೀಕರಣ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಕೀ ಕೊಡುವ ಅಥವಾ ಆಟೊಮ್ಯಾಟಿಕ್ ಮೆಷಿನ್ನು ದಿನಕ್ಕೆ 4 ಸೆಕೆಂಡು ಹಿಂದೆ ಅಥವಾ 6 ಸೆಕೆಂಡು ಮುಂದೆ ಓಡುವುದಕ್ಕೆ ಅವಕಾಶವಿದೆ, ಆದರೆ ಸೆಲ್ ಹಾಕಿದ ಸಾಮಾನ್ಯ ಕ್ವಾರ್ಟ್ಜ್ ವಾಚು ಇಡೀ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಮಾತ್ರ ಆಚೀಚೆ ಆಗುತ್ತದೆ. ಆದ್ದರಿಂದ ನಿಜವಾದ ಉತ್ತರ ಸಾಮಾನ್ಯವಾಗಿ ಈ ಮೂರರಲ್ಲಿ ಒಂದಾಗಿರುತ್ತದೆ: ಯಂತ್ರದ ಕುಸುರಿಯ ಮೇಲಿನ ಪ್ರೀತಿ, ನಾಲ್ಕು ಜನ ನೋಡಲಿ ಎಂಬ ಆಸೆ, ಅಥವಾ ಹಣ ಬೆಳೆಯಲಿ ಎಂಬ ಲೆಕ್ಕ. ಮೂರೂ ತಪ್ಪಲ್ಲ. ಆದರೆ ಎರಡನೆಯ ಕಾರಣಕ್ಕೆ ಕೊಂಡು ಮನೆಯವರ ಮುಂದೆ ಮೂರನೆಯ ಕಾರಣ ಹೇಳುವವರೇ ಹೆಚ್ಚು, ಮತ್ತು ತಪ್ಪು ಆರಂಭವಾಗುವುದೇ ಅಲ್ಲಿ, ಏಕೆಂದರೆ ನಾಲ್ಕು ಜನರ ಕಣ್ಣಿಗೆ ಬೀಳುವ ವಾಚೆಲ್ಲವೂ ಬೆಲೆ ಉಳಿಸಿಕೊಳ್ಳುವ ವಾಚಲ್ಲ.

ಕಣ್ಣಿಗೆ ಬೀಳುವುದಕ್ಕೆ ತನ್ನದೇ ಆದ ಬೆಲೆಯೂ ಇದೆ. ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಧರಿಸಿದ್ದ ಹ್ಯೂಬ್ಲೊ ವಾಚು 2016ರಲ್ಲಿ ರಾಜ್ಯದ ರಾಜಕಾರಣದಲ್ಲಿ ದೊಡ್ಡ ಚರ್ಚೆಗೆ ವಸ್ತುವಾಯಿತು. ಅದು ಸ್ನೇಹಿತರು ಕೊಟ್ಟ ಉಡುಗೊರೆ ಎಂದು ತಿಳಿಸಿದ ಅವರು ಕೊನೆಗೆ ಅದನ್ನು ಸರ್ಕಾರದ ಆಸ್ತಿಯಾಗಿ ಒಪ್ಪಿಸಿದರು. ಸಾಮಾನ್ಯರ ಮಣಿಕಟ್ಟಿಗೆ ಅಷ್ಟು ದೊಡ್ಡ ಪ್ರಶ್ನೆ ಬರುವುದಿಲ್ಲವಾದರೂ, ಸರ್ಕಾರಿ ನೌಕರರು ಬೆಲೆಬಾಳುವ ಉಡುಗೊರೆ ಸ್ವೀಕರಿಸುವ ಮತ್ತು ಚರಾಸ್ತಿ ಕೊಳ್ಳುವ ಮುನ್ನ ತಮ್ಮ ನಡತೆ ನಿಯಮಗಳನ್ನು ಒಮ್ಮೆ ತೆರೆದು ನೋಡುವುದು ಕ್ಷೇಮ.

ಹೂಡಿಕೆಯೆಂದು ಕೊಳ್ಳುವವರು ಮಾಡಬೇಕಾದ ಲೆಕ್ಕ

ಹರಾಜಿನ ಸುದ್ದಿಗಳು ಯಾರ ತಲೆಯನ್ನಾದರೂ ಕೆಡಿಸುತ್ತವೆ. ನಟ ಪಾಲ್ ನ್ಯೂಮನ್ ಅವರ ಸ್ವಂತದ್ದಾಗಿದ್ದ ರೋಲೆಕ್ಸ್ ಡೇಟೋನಾ 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು. ಪಟೆಕ್ ಫಿಲಿಪ್ ಕಂಪನಿ ಉಕ್ಕಿನಲ್ಲಿ ಒಂದೇ ಒಂದು ಮಾಡಿದ ಗ್ರ್ಯಾಂಡ್‌ಮಾಸ್ಟರ್ ಚೈಮ್ 2019ರಲ್ಲಿ ಜಿನೀವಾದ ಧರ್ಮಾರ್ಥ ಹರಾಜಿನಲ್ಲಿ 3.1 ಕೋಟಿ ಸ್ವಿಸ್ ಫ್ರಾಂಕ್ ತಂದಿತು. ಇವು ನಮ್ಮ ನಿಮ್ಮ ವಾಚುಗಳಲ್ಲ. ಅಂಗಡಿಯ ಬೆಲೆಗಿಂತ ಹೆಚ್ಚಿಗೆ ಮರುಮಾರಾಟವಾಗುವುದು ರೋಲೆಕ್ಸ್‌ನ ಕೆಲವು ಉಕ್ಕಿನ ಕ್ರೀಡಾ ಮಾದರಿಗಳು, ಪಟೆಕ್ ಫಿಲಿಪ್‌ನ ನಾಟಿಲಸ್, ಒಡೆಮಾರ್ ಪಿಗೆಯ ರಾಯಲ್ ಓಕ್ ಇಂಥ ಬೆರಳೆಣಿಕೆಯ ಸಾಲುಗಳು. ಉಳಿದ ಬಹುಪಾಲು ವಾಚುಗಳ ಬೆಲೆ ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಹೊಸ ಕಾರಿನ ಬೆಲೆಯಂತೆ ಇಳಿಯುತ್ತದೆ.

ಆ ಬೆರಳೆಣಿಕೆಯ ಸಾಲುಗಳಿಗೂ ಭರವಸೆಯಿಲ್ಲ. ಕೋವಿಡ್ ಕಾಲದಲ್ಲಿ ಅಗ್ಗದ ಸಾಲ ಮತ್ತು ಕ್ರಿಪ್ಟೊ ಹಣ ಸೇರಿ ಏರಿಸಿದ ಮರುಮಾರಾಟದ ಬೆಲೆಗಳು 2022ರ ಆರಂಭದಲ್ಲಿ ತುದಿ ಮುಟ್ಟಿ, ಅಲ್ಲಿಂದ ಎರಡು ವರ್ಷ ಇಳಿಯುತ್ತಲೇ ಹೋದವು. ತುದಿಯಲ್ಲಿ ಕೊಂಡವರಲ್ಲಿ ನಮ್ಮ ಊರಿನ ಯುವ ಉದ್ಯಮಿಗಳೂ ಇದ್ದರು.

ಈಗ ಸ್ವಲ್ಪ ಗಣಿತ. ತೆರಿಗೆ ಸೇರಿ 10 ಲಕ್ಷ ರೂಪಾಯಿ ಕೊಟ್ಟು ಹೊಸ ವಾಚು ಕೊಂಡಿರಿ ಎನ್ನೋಣ. ಅದರಲ್ಲಿ ಶೇ 18ರ ಜಿಎಸ್‌ಟಿಯ ಪಾಲೇ ಸುಮಾರು 1 ಲಕ್ಷದ 52 ಸಾವಿರ. ನೀವು ಮಾರುವಾಗ ಅದನ್ನು ಯಾರೂ ಹಿಂದಿರುಗಿಸುವುದಿಲ್ಲ. ಅದೇ ಹತ್ತು ಲಕ್ಷವನ್ನು ಶೇ 6.5ರ ಠೇವಣಿಯಲ್ಲಿಟ್ಟರೆ ಐದು ವರ್ಷಕ್ಕೆ 13 ಲಕ್ಷದ 70 ಸಾವಿರ ಆಗುತ್ತದೆ. ವಾಚು ಇದಕ್ಕೆ ಸಮನಾಗಬೇಕಾದರೆ, ಮಧ್ಯೆ ಇರುವ ವ್ಯಾಪಾರಿ ಶೇ 15ರಷ್ಟು ಇಟ್ಟುಕೊಳ್ಳುತ್ತಾನೆಂದು ಹಿಡಿದರೂ, ಅದರ ಮಾರುಕಟ್ಟೆ ಬೆಲೆ 16 ಲಕ್ಷ ದಾಟಿರಬೇಕು. ಸರ್ವಿಸ್ ಖರ್ಚು, ಲಾಕರ್ ಬಾಡಿಗೆ, ವಿಮೆಯ ಕಂತು ಇದರ ಮೇಲೆ. ಇದರ ಜೊತೆಗೆ ಭಾರತ ಮತ್ತು ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ಐರೋಪ್ಯ ದೇಶಗಳ ನಡುವೆ 10 ಮಾರ್ಚ್ 2024ರಂದು ಸಹಿಯಾದ ವ್ಯಾಪಾರ ಒಪ್ಪಂದ 1 ಅಕ್ಟೋಬರ್ 2025ರಿಂದ ಜಾರಿಗೆ ಬಂದಿದ್ದು, ಸ್ವಿಸ್ ವಾಚುಗಳ ಆಮದು ಸುಂಕ ಹಂತ ಹಂತವಾಗಿ ತಗ್ಗಲಿದೆ. ಹೊಸದರ ಬೆಲೆ ತಗ್ಗಿದರೆ ಹಳೆಯದನ್ನು ಹೆಚ್ಚಿಗೆ ಕೊಟ್ಟು ಯಾರು ಕೊಳ್ಳುತ್ತಾರೆ ಎಂಬುದನ್ನು ಹೂಡಿಕೆದಾರರು ಕೇಳಿಕೊಳ್ಳಲೇಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಐದು ವರ್ಷ ಕಟ್ಟಿ ಸಂತೋಷಪಟ್ಟು ಕೊಟ್ಟ ಬೆಲೆಯ ಮುಕ್ಕಾಲು ಪಾಲು ವಾಪಸು ಬಂದರೆ ಅದು ಒಳ್ಳೆಯ ವ್ಯಾಪಾರ.

ಎಲ್ಲಿ ಕೊಳ್ಳುವುದು

ಯುಬಿ ಸಿಟಿ, ಹೆಬ್ಬಾಳದ ಮಾಲ್ ಆಫ್ ಏಷ್ಯಾ ಮುಂತಾದ ಕಡೆ ಇರುವ ಅಧಿಕೃತ ಮಾರಾಟಗಾರರಲ್ಲಿ ಕೊಂಡರೆ ಕಂಪನಿಯ ವಾರಂಟಿ, ಜಿಎಸ್‌ಟಿ ಬಿಲ್ಲು, ನಿಮ್ಮ ಹೆಸರು ಮೂರೂ ಒಂದೇ ದಿನ ಒಂದೇ ಕಡೆ ಸಿಗುತ್ತವೆ. ಬೇಡಿಕೆಯ ಮಾದರಿಗಳಿಗೆ ಮಾತ್ರ ಹೆಸರು ಬರೆಸಿ ಕಾಯಬೇಕು. ಆ ಪಟ್ಟಿಯಲ್ಲಿ ಮುಂದೆ ಬರಲು ಬೇಡದ ಇನ್ನೊಂದು ವಾಚನ್ನೋ ಒಡವೆಯನ್ನೋ ಕೊಳ್ಳುವಂತೆ ಸೂಚನೆ ಬಂದರೆ, ಆ ಖರ್ಚನ್ನೂ ಬೇಕಾದ ವಾಚಿನ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಎರಡನೆಯ ದಾರಿ ಕೈ ಬದಲಾದ ವಾಚುಗಳ ಅಂಗಡಿ. ಕೆಲವು ದೊಡ್ಡ ಮಾರಾಟಗಾರರು ಇದನ್ನು ಪ್ರತ್ಯೇಕ ವಿಭಾಗವಾಗಿಯೇ ನಡೆಸುತ್ತಾರೆ. ರೋಲೆಕ್ಸ್ ಕಂಪನಿಯೇ 2022ರ ಡಿಸೆಂಬರಿನಲ್ಲಿ ತನ್ನ ಹಳೆಯ ವಾಚುಗಳನ್ನು ಪರಿಶೀಲಿಸಿ ಅಧಿಕೃತ ಅಂಗಡಿಗಳ ಮೂಲಕ ಮಾರುವ ಯೋಜನೆಯನ್ನು ಹೊರದೇಶಗಳಲ್ಲಿ ಆರಂಭಿಸಿತು. ಅಂಗಡಿಯವರು ಬರಹದಲ್ಲಿ ಕೊಡುವ ಖಾತರಿಗೆ ಐದು ಹತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮೂರನೆಯದು ದುಬೈ, ಸಿಂಗಪುರದಿಂದ ತರುವುದು. ಅಲ್ಲಿಯ ಬೆಲೆ ಕಡಿಮೆ ಕಂಡರೂ, ಪ್ರಯಾಣಿಕರಿಗೆ ಸಿಗುವ ಸುಂಕರಹಿತ ಮಿತಿ ಇಂಥ ವಾಚಿನ ಬೆಲೆಗೆ ಎಲ್ಲಿಯೂ ಸಾಲುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಂಪು ದಾರಿಯಲ್ಲಿ ಹೋಗಿ ಬಿಲ್ಲು ತೋರಿಸಿ ಸುಂಕ ಕಟ್ಟಬೇಕು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ವಾಚನ್ನು ಕೈಗೆ ಕಟ್ಟಿಕೊಂಡು ಬಂದರೆ ಸುಂಕವಿಲ್ಲ ಎಂಬ ಸ್ನೇಹಿತರ ಸಲಹೆಯನ್ನು ನಂಬಬೇಡಿ, ಏಕೆಂದರೆ ಸಿಕ್ಕಿಬಿದ್ದರೆ ವಾಚು ಜಪ್ತಿಯಾಗುತ್ತದೆ, ಸಿಕ್ಕಿಬೀಳದಿದ್ದರೆ ಸುಂಕದ ರಸೀದಿಯಿಲ್ಲದ ಆ ವಾಚಿನ ಕಾಗದದ ಸರಪಳಿ ಎಂದೆಂದಿಗೂ ತುಂಡಾಗಿಯೇ ಉಳಿಯುತ್ತದೆ. ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಇದೆ. ಇಲ್ಲಿ ಕೊಂಡ ವಾಚನ್ನು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವ ಮುನ್ನ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ಹಿಂದಿರುಗುವಾಗ ವಾದ ಮಾಡುವ ಪ್ರಮೇಯ ಬರುವುದಿಲ್ಲ.

ಪರಿಶೀಲನೆ: ಮುಖ ನೋಡಿ ಮಣೆ ಹಾಕಬೇಡಿ

ಕೆಲವು ವರ್ಷಗಳ ಹಿಂದೆ ನಾನು ಒಬ್ಬರ ಬಳಿ ಹಳೆಯ ಫಾವ್ರ್ ಲ್ಯೂಬಾ ವಾಚೊಂದನ್ನು ಒಂಬತ್ತು ಸಾವಿರಕ್ಕೆ ಕೊಂಡೆ. ಅರವತ್ತರ ದಶಕದ್ದು ಎಂದು ಹೇಳಿದ್ದರು, ಡಯಲ್ ಮಾತ್ರ ನಿನ್ನೆ ಮಾಡಿದಂತೆ ಹೊಳೆಯುತ್ತಿತ್ತು, ಮತ್ತು ಆ ಹೊಳಪೇ ನನ್ನ ಕಣ್ಣು ಕಟ್ಟಿತು. ಬೆಲ್ಟು ಹಾಕಿಸಲೆಂದು ಅವೆನ್ಯೂ ರಸ್ತೆಯ ಪಕ್ಕದ ಗಲ್ಲಿಯಲ್ಲಿ, ಎರಡಡಿ ಅಗಲದ ಗಾಜಿನ ಪೆಟ್ಟಿಗೆಯ ಹಿಂದೆ ಕೂತಿದ್ದ ಹಿರಿಯ ರಿಪೇರಿಯವರ ಬಳಿ ಹೋದೆ. ಅವರು ಐಗ್ಲಾಸನ್ನು ಹುಬ್ಬಿನ ಕೆಳಗೆ ಸಿಕ್ಕಿಸಿಕೊಂಡು, ಹಿಂದಿನ ಮುಚ್ಚಳ ತೆಗೆದು, ಅರ್ಧ ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಐಗ್ಲಾಸನ್ನು ನನ್ನ ಕೈಗೇ ಕೊಟ್ಟರು. “ಮುಖಕ್ಕೆ ಬಣ್ಣ ಬಳ್ದಿದಾರೆ ಸಾರ್, ಹೊಟ್ಟೇಲಿ ಮೂರು ವಾಚಿದೆ” ಎಂದರು. ಗಾಜಿನಡಿಯಲ್ಲಿ ನೋಡಿದರೆ ಡಯಲ್ ಮೇಲಿನ ಅಕ್ಷರಗಳು ಅಂಚಿನಲ್ಲಿ ಹರಡಿ, ಒದ್ದೆ ನೆಲದ ಮೇಲೆ ಇಟ್ಟ ರಂಗೋಲಿಯ ಎಳೆಗಳಂತೆ ದಪ್ಪಗಾಗಿದ್ದವು. ಒಳಗಿನ ತಿರುಪುಗಳ ತಲೆ ಸವೆದು ಬಾಯಿ ಬಿಟ್ಟಿದ್ದವು. ಒಂದು ಪಟ್ಟಿಯ ಬಣ್ಣ ಬೂದು, ಇನ್ನೊಂದರದು ಹಿತ್ತಾಳೆ. ಬೆಲ್ಟಿಗೆ ನೂರೈವತ್ತು ತೆಗೆದುಕೊಂಡರು, ಪಾಠಕ್ಕೆ ಏನೂ ತೆಗೆದುಕೊಳ್ಳಲಿಲ್ಲ. ಹೀಗೆ ಡಯಲಿಗೆ ಮತ್ತೆ ಬಣ್ಣ ಬಳಿದು, ಸಿಕ್ಕ ಭಾಗಗಳನ್ನು ಜೋಡಿಸಿ ಮಾರುವ ವಾಚುಗಳಿಗೆ ಹೊರದೇಶದ ಸಂಗ್ರಾಹಕರು ಬಾಂಬೆ ಸ್ಪೆಷಲ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ಎಚ್‌ಎಂಟಿ ಜನತಾಗಳಿಗೂ ಈಗ ಇದೇ ಗತಿ.

ಲಕ್ಷಗಳ ವ್ಯವಹಾರದಲ್ಲಿ ಈ ಆಟ ಇನ್ನೂ ನಾಜೂಕಾಗಿರುತ್ತದೆ. ಜಿನೀವಾದಲ್ಲಿ 2021ರ ನವೆಂಬರಿನಲ್ಲಿ ಹಳೆಯ ಒಮೆಗಾ ಸ್ಪೀಡ್‌ಮಾಸ್ಟರ್ ಒಂದು 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹರಾಜಾಯಿತು, ಅದನ್ನು ಕೊಂಡದ್ದು ಒಮೆಗಾ ಕಂಪನಿಯ ಸ್ವಂತ ವಸ್ತುಸಂಗ್ರಹಾಲಯ. 2023ರಲ್ಲಿ ಅದು ಬೇರೆ ಬೇರೆ ಭಾಗಗಳಿಂದ ಜೋಡಿಸಿದ್ದೆಂದೂ, ಇದರಲ್ಲಿ ಮಾಜಿ ನೌಕರರ ಕೈವಾಡವಿತ್ತೆಂದೂ ಕಂಪನಿ ತಾನೇ ಹೇಳಿತು. ತಯಾರಿಸಿದವರೇ ಮೋಸಹೋಗುವ ಕಡೆ ಮೊಬೈಲಿನ ಬೆಳಕಿನಲ್ಲಿ ನೋಡಿ ಅಸಲಿ ಎನ್ನುವವರ ಮಾತಿಗೆ ಎಷ್ಟು ತೂಕ?

ಆದ್ದರಿಂದ ಈ ಕ್ರಮದಲ್ಲಿ ನಡೆಯಿರಿ. ಮೊದಲು ಕಾಗದ. ವಾರಂಟಿ ಕಾರ್ಡಿನಲ್ಲಿರುವ ಮಾದರಿ ಸಂಖ್ಯೆ ಮತ್ತು ಸರಣಿ ಸಂಖ್ಯೆ ವಾಚಿನ ಮೇಲಿರುವುದಕ್ಕೆ ಅಕ್ಷರ ಅಕ್ಷರ ಹೊಂದಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಸರಣಿ ಸಂಖ್ಯೆ ಚೈನು ಕೂರುವ ಕೊಂಬುಗಳ ನಡುವೆ, 6ರ ಕಡೆ ಇರುತ್ತದೆ, ಅದನ್ನು ನೋಡಲು ಚೈನು ಬಿಚ್ಚಬೇಕು. ಇತ್ತೀಚಿನವುಗಳಲ್ಲಿ ಗಾಜಿನ ಒಳಗೆ ಡಯಲನ್ನು ಸುತ್ತುವರಿದ ಉಕ್ಕಿನ ಉಂಗುರದ ಮೇಲೆ ಕೊರೆದಿರುತ್ತದೆ. ಮೊದಲ ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರೇ ಮಾರುತ್ತಿದ್ದಾರೆಯೇ ನೋಡಿ. ಇಲ್ಲದಿದ್ದರೆ ಅವರಿಂದ ಇವರಿಗೆ ಬಂದದ್ದಕ್ಕೆ ಬರಹವೇನಿದೆ ಎಂದು ಕೇಳಿ. ಪೆಟ್ಟಿಗೆಗೆ ಬೆಲೆ ಕೊಡಬೇಡಿ, ಖಾಲಿ ಪೆಟ್ಟಿಗೆಗಳಿಗೂ ಖಾಲಿ ಕಾರ್ಡುಗಳಿಗೂ ಪ್ರತ್ಯೇಕ ಮಾರುಕಟ್ಟೆಯೇ ಇದೆ. ಪಟೆಕ್ ಫಿಲಿಪ್‌ನಂಥ ಕಂಪನಿಗಳು ಹಳೆಯ ವಾಚಿನ ಬಗ್ಗೆ ತಮ್ಮ ದಾಖಲೆ ಪುಸ್ತಕದ ಪ್ರತಿಯನ್ನು ಶುಲ್ಕ ಪಡೆದು ಕೊಡುತ್ತವೆ, ರೋಲೆಕ್ಸ್ ಕೊಡುವುದಿಲ್ಲ.

ಎರಡನೆಯದು ಮೆಷಿನ್ನು. ಸೆಕೆಂಡಿನ ಮುಳ್ಳು ಕುಪ್ಪಳಿಸಿದರೆ ನಕಲಿ, ಜಾರಿದರೆ ಅಸಲಿ ಎಂಬ ಹಳೆಯ ಮಾತು ಈಗ ನಡೆಯುವುದಿಲ್ಲ. ಗಂಟೆಗೆ 28,800 ಬಾರಿ, ಅಂದರೆ ಸೆಕೆಂಡಿಗೆ ಎಂಟು ಬಾರಿ ಮಿಡಿಯುವ ಮೆಷಿನ್ನುಗಳನ್ನು ನಕಲು ಮಾಡುವವರೂ ಹಾಕುತ್ತಾರೆ. ತೂಕವನ್ನೂ ಅವರು ಸರಿದೂಗಿಸುತ್ತಾರೆ. ಮುಚ್ಚಳ ತೆಗೆಸಿ, ಆ ಕಂಪನಿಯ ಮೆಷಿನ್ನನ್ನು ಹತ್ತಾರು ಬಾರಿ ಬಿಚ್ಚಿರುವ ಸ್ವತಂತ್ರ ಕುಶಲಕರ್ಮಿಗೆ ತೋರಿಸುವುದೊಂದೇ ದಾರಿ, ಮತ್ತು ಆ ವ್ಯಕ್ತಿಯನ್ನು ನೀವು ಆರಿಸಬೇಕು, ಮಾರುವವರಲ್ಲ. ಟೈಮ್‌ಗ್ರಾಫರ್ ಯಂತ್ರದ ಮೇಲೆ ಇಟ್ಟರೆ ದಿನಕ್ಕೆ ಎಷ್ಟು ಸೆಕೆಂಡು ಏರುಪೇರಿದೆ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇದಕ್ಕೆ ಒಪ್ಪದ ಮಾರಾಟಗಾರರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಮೂರನೆಯದು ಕಳವಿನ ಶಂಕೆ. ಸರಣಿ ಸಂಖ್ಯೆಯನ್ನು ಲಂಡನ್ನಿನ ವಾಚ್ ರಿಜಿಸ್ಟರ್ ಸಂಸ್ಥೆಯ ಕಳುವಾದ ವಾಚುಗಳ ಪಟ್ಟಿಯಲ್ಲಿ, ಐಷಾರಾಮಿ ವಸ್ತುಗಳ ಸ್ವಿಸ್ ಕಂಪನಿಯಾದ ರಿಷ್ಮಾಂಟ್ ಸಮೂಹ 2023ರಲ್ಲಿ ಆರಂಭಿಸಿದ ಎನ್‌ಕ್ವೈರಸ್ ಜಾಲತಾಣದಲ್ಲಿ ಹುಡುಕಿ. ಅಲ್ಲಿ ಇಲ್ಲವೆಂದ ಮಾತ್ರಕ್ಕೆ ವಾಚು ಶುದ್ಧವೆಂದಲ್ಲ, ಆದರೆ ಅಲ್ಲಿ ಇದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತು. ಇದು ಎಷ್ಟು ಮುಖ್ಯವೆಂದರೆ, 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬರುವುದಿಲ್ಲ. ನೀವು ಪೂರ್ಣ ಬೆಲೆ ಕೊಟ್ಟಿದ್ದರೂ ನಿಜವಾದ ಒಡೆಯ ಬಂದರೆ ವಾಚು ಅವರದು. ಕಳವಿನ ಮಾಲೆಂದು ನಂಬಲು ಕಾರಣವಿದ್ದೂ ಕೊಂಡಿರಿ ಎಂದಾದರೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ನೀವೇ ಆರೋಪಿ. ಅರ್ಧ ಬೆಲೆಗೆ ಸಿಕ್ಕಿತು ಎಂಬುದೇ ಅಂಥ ಒಂದು ಕಾರಣ ಎಂದು ಪೊಲೀಸರು ವಾದಿಸಬಹುದು.

ಹಣ ಕೊಡುವಾಗ

ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಸಂಖ್ಯೆ ಕೊಡಬೇಕು. ಬೆಲೆ 10 ಲಕ್ಷ ದಾಟಿದ ಕೈಗಡಿಯಾರಗಳ ಮೇಲೆ 22 ಏಪ್ರಿಲ್ 2025ರಿಂದ ಮಾರಾಟಗಾರರು ಶೇ 1ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ಆದಾಯ ತೆರಿಗೆ, ವಸೂಲಿ ಮಾಡುತ್ತಾರೆ. 12 ಲಕ್ಷದ ವಾಚಿಗೆ ಅದು 12 ಸಾವಿರವಾಗುತ್ತದೆ. ಇದು ಹೆಚ್ಚುವರಿ ತೆರಿಗೆಯಲ್ಲ, ನಿಮ್ಮ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಖರೀದಿಯ ಸುದ್ದಿ ಇಲಾಖೆಗೆ ತಲುಪಿತು ಎಂಬುದು ನೆನಪಿರಲಿ. ಖಾಸಗಿಯವರಿಂದ ಕೊಳ್ಳುವಾಗ ಸರಣಿ ಸಂಖ್ಯೆ, ಬೆಲೆ, ಇಬ್ಬರ ಗುರುತಿನ ಚೀಟಿಯ ಪ್ರತಿ, ವಾಚಿನ ಮೇಲೆ ಯಾರ ಸಾಲವೂ ತಕರಾರೂ ಇಲ್ಲ ಎಂಬ ಒಂದು ಸಾಲು ಇಷ್ಟನ್ನು ಬರೆದು ಸಹಿ ಮಾಡಿಸಿಕೊಳ್ಳಿ. ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಲಿ.

ಕಡತ, ಲಾಕರ್, ವಿಮೆ

ಮನೆಗೆ ಬಂದ ದಿನವೇ ವಾಚಿನ ಕಡತ ತೆರೆಯಿರಿ. ಮುಂದೆ, ಹಿಂದೆ, ಪಕ್ಕ, ಸರಣಿ ಸಂಖ್ಯೆ, ಇರುವ ಗೀರುಗಳು, ಇವೆಲ್ಲದರ ಚಿತ್ರಗಳನ್ನು ಹಗಲಿನ ಬೆಳಕಿನಲ್ಲಿ ತೆಗೆದು, ಬಿಲ್ಲು ಮತ್ತು ಕಾರ್ಡಿನ ಪ್ರತಿಗಳ ಜೊತೆ ವಾಚಿನಿಂದ ದೂರ ಇಡಿ. ವಾಚು, ಪೆಟ್ಟಿಗೆ, ಕಾರ್ಡು ಮೂರನ್ನೂ ಒಂದೇ ಬೀರುವಿನ ಒಂದೇ ಅರೆಯಲ್ಲಿ ಇಡುವುದೆಂದರೆ ಕಳ್ಳನಿಗೆ ಮರುಮಾರಾಟಕ್ಕೆ ಬೇಕಾದುದನ್ನೆಲ್ಲ ಕಟ್ಟಿಕೊಟ್ಟಂತೆ.

ಬ್ಯಾಂಕಿನ ಲಾಕರ್ ಕುರಿತು ಅನೇಕರಿಗೆ ತಪ್ಪು ತಿಳಿವಳಿಕೆಯಿದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳವು, ಕಟ್ಟಡ ಕುಸಿತ ಅಥವಾ ನೌಕರರ ವಂಚನೆಯಿಂದ ಲಾಕರಿನ ವಸ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ವರ್ಷಕ್ಕೆ 4,000 ರೂಪಾಯಿ ಬಾಡಿಗೆಯ ಲಾಕರಿಗೆ ಅದು 4 ಲಕ್ಷ. ಒಳಗೆ 12 ಲಕ್ಷದ ವಾಚಿದ್ದರೆ ಉಳಿದ 8 ಲಕ್ಷ ನಿಮ್ಮ ಹಣೆಬರಹ, ಅಥವಾ ನಿಮ್ಮ ವಿಮೆ. ಲಾಕರಿನಲ್ಲಿ ಇಡುವಾಗ ತೇವ ಹೀರುವ ಸಿಲಿಕಾ ಚೀಲವೊಂದನ್ನು ಜೊತೆಗಿಡಿ.

ವಿಮೆಯಲ್ಲಿ ಮನೆಗೆ ಮಾಡಿಸಿದ ಬೆಂಕಿ ವಿಮೆಯೇ ಸಾಕೆಂದುಕೊಳ್ಳಬೇಡಿ. ಕನ್ನ ಕಳವಿಗೆ ಪ್ರತ್ಯೇಕ ರಕ್ಷಣೆ ಬೇಕು, ಮನೆಯ ಹೊರಗೆ ಕಟ್ಟಿಕೊಂಡು ಓಡಾಡುವಾಗಿನ ನಷ್ಟಕ್ಕೆ ಆಲ್ ರಿಸ್ಕ್ ಎಂದು ಕರೆಯುವ ವಿಸ್ತೃತ ರಕ್ಷಣೆ ಬೇಕು, ಮತ್ತು ವಾಚಿನ ಹೆಸರು, ಸರಣಿ ಸಂಖ್ಯೆ, ಒಪ್ಪಿದ ಬೆಲೆ ಪಾಲಿಸಿಯ ಪಟ್ಟಿಯಲ್ಲಿ ಬರೆದಿರಬೇಕು. ಎಲ್ಲಿ ಹೋಯಿತೋ ಗೊತ್ತಿಲ್ಲ ಎನ್ನುವ ನಷ್ಟ, ಕಾರಿನಲ್ಲಿ ಬಿಟ್ಟು ಹೋದ ವಾಚು, ಮನೆಯವರೇ ಎತ್ತಿದ್ದು ಇವಕ್ಕೆ ಹಣ ಸಿಗುವುದೇ ಎಂದು ಸಹಿ ಮಾಡುವ ಮೊದಲೇ ಲಿಖಿತವಾಗಿ ಕೇಳಿ.

ಕಟ್ಟಿಕೊಂಡು ಓಡಾಡುವಾಗ

ದುಬಾರಿ ವಾಚು ಕಳೆದುಹೋಗುವುದು ಸಾಮಾನ್ಯವಾಗಿ ಕೈಯಿಂದ ಬಿಚ್ಚಿಟ್ಟ ಹೊತ್ತಿನಲ್ಲಿ. ಕಲ್ಯಾಣ ಮಂಟಪದ ವರನ ಕೊಠಡಿಯನ್ನು ನೆನಪಿಸಿಕೊಳ್ಳಿ. ಧಾರೆಯ ಹೊತ್ತಿಗೆ ವಾಚು ಬಿಚ್ಚಿ ಮಂಚದ ಮೇಲೆ ಇಟ್ಟಿರುತ್ತಾರೆ, ಬಾಗಿಲು ತೆರೆದೇ ಇರುತ್ತದೆ, ಹೂವಿನವರು, ಫೋಟೊದವರು, ದೂರದ ನೆಂಟರು ಎಲ್ಲರೂ ಬಂದು ಹೋಗುತ್ತಾರೆ, ಮತ್ತು ಯಾರನ್ನೂ ಕೇಳುವಂತಿಲ್ಲ. ಇಂಥ ದಿನ ವಾಚು ಯಾರ ಜೇಬಿನಲ್ಲಿರಬೇಕು ಎಂಬುದನ್ನು ಹಿಂದಿನ ರಾತ್ರಿಯೇ ಒಬ್ಬರಿಗೆ ಹೆಸರು ಹಿಡಿದು ಒಪ್ಪಿಸಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ವಾಚನ್ನು ತೆರೆದ ಟ್ರೇಯಲ್ಲಿ ಹಾಕದೆ, ಸಾಲಿನಲ್ಲಿರುವಾಗಲೇ ಬಿಚ್ಚಿ ಕೈಚೀಲದ ಒಳಜೇಬಿಗೆ ಸೇರಿಸಿ ಜಿಪ್ ಹಾಕಿ. ಜಿಮ್ಮಿಗೆ, ಈಜುಕೊಳಕ್ಕೆ ಅಗ್ಗದ ವಾಚೇ ಸಾಕು.

ರಾತ್ರಿ ಚರ್ಚ್ ಸ್ಟ್ರೀಟಿನಲ್ಲಿ ಊಟ ಮುಗಿಸಿ ಕ್ಯಾಬಿಗೆ ಕಾಯುವಾಗ ತೋಳು ಇಳಿಸಿಕೊಳ್ಳಿ. ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿಯ ಹೊರಗೆ ಕೈ ಚಾಚಬೇಡಿ. ಚಿತ್ರ ಹಾಕಲೇಬೇಕೆಂಬ ಆಸೆಯಿದ್ದರೆ ಆ ಜಾಗದಿಂದ ಹೊರಟ ಮೇಲೆ ಹಾಕಿ, ಮತ್ತು ಸರಣಿ ಸಂಖ್ಯೆ ಓದಲು ಬರುವಷ್ಟು ಹತ್ತಿರದ ಚಿತ್ರವನ್ನು ಎಂದೂ ಹಾಕಬೇಡಿ, ಏಕೆಂದರೆ ನಕಲಿ ಕಾರ್ಡು ಮುದ್ರಿಸುವವರಿಗೆ ಬೇಕಾಗಿರುವುದು ಅದೇ. ಯಾರಾದರೂ ಬೆದರಿಸಿ ಕೇಳಿದರೆ ವಾಚು ಬಿಚ್ಚಿ ಕೊಟ್ಟುಬಿಡಿ. ಪ್ರತಿಭಟಿಸುವಷ್ಟು ಬೆಲೆಬಾಳುವ ವಾಚನ್ನು ಇನ್ನೂ ಯಾರೂ ತಯಾರಿಸಿಲ್ಲ.

ರಿಪೇರಿಗೆ ಕೊಡುವಾಗ ರಸೀದಿಯ ಮೇಲೆ ಸರಣಿ ಸಂಖ್ಯೆ ಬರೆಸಿ, ಬದಲಾಯಿಸಿದ ಹಳೆಯ ಭಾಗಗಳನ್ನು ವಾಪಸು ಕೇಳಿ, ಹೇಳದೆ ಪಾಲಿಶ್ ಮಾಡಬಾರದೆಂದು ಮೊದಲೇ ತಿಳಿಸಿ. 30 ಮೀಟರ್ ಎಂದು ಬರೆದ ವಾಚು ಕೈತೊಳೆಯುವ ನೀರಿನ ಹನಿಗೆ ಮಾತ್ರ. ಒಳಗಿನ ರಬ್ಬರು ಒಣಗಿದ್ದರೆ ಅದಕ್ಕೂ ಇಲ್ಲ.

ಮಾರುವಾಗ

ಇಬ್ಬರು ಮೂವರು ವ್ಯಾಪಾರಿಗಳಿಂದ ಬೆಲೆ ಕೇಳಿ, ಮನೆಗೆ ಯಾರನ್ನೂ ಕರೆಯದೆ ಬ್ಯಾಂಕಿನ ಶಾಖೆಯಲ್ಲಿ ಭೇಟಿಯಾಗಿ. ಹಣ ಬಂತೆಂಬ ಮೊಬೈಲ್ ಚಿತ್ರವನ್ನಾಗಲಿ ಸಂದೇಶವನ್ನಾಗಲಿ ನಂಬದೆ, ನಿಮ್ಮ ಖಾತೆಯಲ್ಲಿ ಕಂಡ ಮೇಲೆಯೇ ವಾಚು ಕೈಬಿಡಿ. ಹಣ ಕಳಿಸಿದ ಖಾತೆಯ ಹೆಸರೂ ಕೊಳ್ಳುವವರ ಹೆಸರೂ ಒಂದೇ ಆಗಿರಬೇಕು. ಆನ್‌ಲೈನ್ ವಂಚನೆಯ ಹಣವನ್ನು ವಾಚಾಗಿ, ಚಿನ್ನವಾಗಿ ಬದಲಾಯಿಸುವವರಿದ್ದಾರೆ, ಅಂಥ ಹಣ ನಿಮ್ಮ ಖಾತೆಗೆ ಬಂದರೆ ಯಾವುದೋ ಊರಿನ ಪೊಲೀಸರ ಸೂಚನೆಯ ಮೇರೆಗೆ ಖಾತೆಯೇ ಸ್ತಬ್ಧವಾಗಬಹುದು. ಸ್ವಂತ ಬಳಕೆಯ ಚರವಸ್ತುವಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆಯಿಂದ ವಿನಾಯಿತಿ ಇದ್ದರೂ ಒಡವೆಗೆ ಅದಿಲ್ಲ; ಚಿನ್ನದ ಅಥವಾ ವಜ್ರ ಕೂರಿಸಿದ ವಾಚಾಗಿದ್ದರೆ, ಅಥವಾ ನೀವು ಮೇಲಿಂದ ಮೇಲೆ ಕೊಂಡು ಮಾರುವವರಾಗಿದ್ದರೆ, ಆಡಿಟರನ್ನು ಕೇಳಿಯೇ ಮುಂದುವರಿಯಿರಿ.

ಕಳುವಾದರೆ

ಕಿತ್ತುಕೊಂಡು ಹೋಗಿದ್ದರೆ ಅಥವಾ ಮನೆಗೆ ಕನ್ನ ಹಾಕಿದ್ದರೆ ಮೊದಲು 112ಕ್ಕೆ ಕರೆಮಾಡಿ, ಬೀರುವನ್ನಾಗಲಿ ಬಾಗಿಲನ್ನಾಗಲಿ ಮುಟ್ಟಬೇಡಿ. ರಾಜ್ಯ ಪೊಲೀಸರ ಇ-ಲಾಸ್ಟ್ ವ್ಯವಸ್ಥೆ ಕಳೆದುಹೋದ ವಸ್ತುಗಳಿಗೆ ಇರುವುದು. ಅದರಲ್ಲಿ ಸಿಗುವ ಸ್ವೀಕೃತಿ ಎಫ್‌ಐಆರ್ ಅಲ್ಲ, ಮತ್ತು ಕಳವನ್ನು ಅವಸರದಲ್ಲಿ ಕಳೆದುಹೋಯಿತೆಂದು ದಾಖಲಿಸಿದರೆ ವಿಮಾ ಕಂಪನಿ ಅದನ್ನೇ ಹಿಡಿದು ಕೂರುತ್ತದೆ. ಠಾಣೆಗೆ ಹೋಗಿ, ಮಾದರಿ, ಸರಣಿ ಸಂಖ್ಯೆ, ಗೀರಿನ ಗುರುತು, ಬೆಲೆ, ಕೊನೆಯ ಬಾರಿ ನೋಡಿದ ಸಮಯ ಎಲ್ಲವನ್ನೂ ಬರೆದ ದೂರನ್ನು ಕಡತದ ಚಿತ್ರಗಳ ಸಮೇತ ಕೊಡಿ. ರೋಲೆಕ್ಸ್ ವಾಚು ಒಂದು ಎಂದು ಮಾತ್ರ ಬರೆದರೆ, ನಾಳೆ ಕಳ್ಳನ ಬಳಿ ಸಿಕ್ಕ ವಾಚು ನಿಮ್ಮದೇ ಎಂದು ಸಾಧಿಸುವುದು ಕಷ್ಟ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ ಘಟನೆ ಎಲ್ಲೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯಬಹುದು. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಯವರಿಗೆ ಕಳಿಸಿ, ಅದಕ್ಕೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ಮನೆಗೆಲಸದವರ ಮೇಲೆ, ಕಾವಲುಗಾರರ ಮೇಲೆ ಕಾರಣವಿಲ್ಲದೆ ಬೊಟ್ಟು ಮಾಡಬೇಡಿ. ಯಾರು ಯಾವಾಗ ಬಂದು ಹೋದರು ಎಂಬ ಸಂಗತಿಯನ್ನು ಹೇಳಿ, ಶಂಕೆಯ ಕೆಲಸವನ್ನು ಪೊಲೀಸರಿಗೆ ಬಿಡಿ. ಅದೇ ದಿನ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ವಾಚ್ ರಿಜಿಸ್ಟರ್ ಮತ್ತು ಎನ್‌ಕ್ವೈರಸ್‌ನಲ್ಲಿ ದಾಖಲಿಸಿ, ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೂ ಎಫ್‌ಐಆರ್ ಪ್ರತಿ ಕಳಿಸಿ, ಏಕೆಂದರೆ ಕದ್ದ ವಾಚು ವರ್ಷಗಳ ನಂತರ ಸರ್ವಿಸ್‌ಗೆ ಬಂದಾಗ ಸಿಕ್ಕಿಬೀಳುವ ಸಾಧ್ಯತೆ ಇರುತ್ತದೆ.

ವಾಚು ಸಿಕ್ಕಿತೆಂದು ಠಾಣೆಯಿಂದ ಕರೆ ಬಂದರೂ ಅದು ಕೂಡಲೇ ಕೈಗೆ ಬರುವುದಿಲ್ಲ, ಅದು ನ್ಯಾಯಾಲಯದ ಸುಪರ್ದಿನಲ್ಲಿರುವ ವಸ್ತು. ಅದೇ ಸಂಹಿತೆಯ 497 ಮತ್ತು 503ನೆಯ ಕಲಮುಗಳಡಿ ವಕೀಲರ ಮೂಲಕ ಅರ್ಜಿ ಹಾಕಿ, ಬಿಲ್ಲು ಮತ್ತು ಸರಣಿ ಸಂಖ್ಯೆ ತೋರಿಸಿ, ಬಾಂಡ್ ಬರೆದುಕೊಟ್ಟು ಮಧ್ಯಂತರವಾಗಿ ಪಡೆಯಬೇಕು. ನಗರದ ಪೊಲೀಸರು ಆಗಾಗ ವಸ್ತುಗಳನ್ನು ವಾರಸುದಾರರಿಗೆ ಮರಳಿಸುವ ಕಾರ್ಯಕ್ರಮ ನಡೆಸಿದಾಗ ಮೇಜಿನ ಮೇಲೆ ಸಾಲಾಗಿ ಕಾಣುವುದು ಹೀಗೆ ಆದೇಶವಾದ ವಸ್ತುಗಳೇ. ಮೊಕದ್ದಮೆ ಮುಗಿಯುವವರೆಗೆ ಅದನ್ನು ಮಾರುವಂತಿಲ್ಲ, ರೂಪ ಬದಲಾಯಿಸುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ಅಷ್ಟರಲ್ಲಿ ನೀವು ವಿಮೆಯ ಪೂರ್ಣ ಹಣವನ್ನು ಪಡೆದುಬಿಟ್ಟಿದ್ದರೆ ಸಿಕ್ಕ ವಾಚಿನ ಮೇಲಿನ ಹಕ್ಕು ವಿಮಾ ಕಂಪನಿಯದು. ತಂದೆಯವರು ಕೊಟ್ಟದ್ದೆಂಬಂಥ ಕಾರಣಕ್ಕೆ ಅದೇ ವಾಚು ಬೇಕೆಂದಿದ್ದರೆ ಹಣ ಹಿಂದಿರುಗಿಸಿ ಪಡೆಯಲು ಅವಕಾಶವಿದೆಯೇ ಎಂಬುದನ್ನು ಪರಿಹಾರದ ಪತ್ರಕ್ಕೆ ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.